ಅದೇ ರಸ್ತೆಯಲ್ಲಿ ಇನ್ನೊಂದು ಸಲ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ತಲುಪಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ಹಸ್ತಪ್ರತಿಯನ್ನೇ ಮೊದಲು ಓದಿದ್ದು ಒಳ್ಳೆಯದಾಯ್ತು. ಪತ್ರ ಮೊದಲು ಓದಿದ್ದರೆ ಅಯ್ಯೋ ಪಾಪ ಅಂತ ನಾಲ್ಕು ಮಾರ್ಕು ಜಾಸ್ತಿ ಕೊಟ್ಟುಬಿಡುತ್ತಿದ್ದೆನೋ ಏನೋ. ಇನ್ನು ಮುಂದೆ ಮೇಡಂ ಅನ್ನಬೇಡ, ಅಕ್ಕ ಅಂದರೆ ಸಾಕು. ನಾನಂತೂ ನೀನು ಅಂತಲೇ ಬರೆಯುತ್ತೇನೆ.

ಪ್ರಕಾಶಕರೊಬ್ಬರು ನಿನಗೆ, 'ಹಳ್ಳಿ ದಾರಿಯ ತಮಾಷೆಗಳನ್ನೆಲ್ಲ ಜನ ಫೋನಿನಲ್ಲೇ ನೋಡ್ತಾರೆ, ಬರೆದರೆ ಯಾರು ಓದ್ತಾರೆ' ಅಂದರಂತೆ. ಹಾಗಾದರೆ ಬರೆಯೋದನ್ನೇ ಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಆದರೆ ಅವರ ಮೇಲೆ ಸಿಟ್ಟೂ ಮಾಡಿಕೊಳ್ಳಬೇಡ. ಅವರು ನಿನ್ನ ಹಸ್ತಪ್ರತಿ ಓದಿಯೇ ಹಾಗೆ ಹೇಳಿದ್ದಾರೆ. ನೀನು ಬರೆದಿರುವುದರಲ್ಲಿ ಮುಕ್ಕಾಲು ಪಾಲು ಫೋಟೋಗೆ ಸಿಗುವಂಥದ್ದೇ. ಕಂಬದ ಮೇಲೆ ಬೂಟುಗಳ ಸಾಲು, ಮನೆಯ ಛಾವಣಿ ಮೇಲೆ ಹಳೇ ಸೈಕಲ್ಲು, ಕಾಗದ ಹಾಕಲು ಕೆಟ್ಟುಹೋದ ಮೈಕ್ರೋವೇವ್ ಒಲೆ. ನೋಡಿದ ತಕ್ಷಣ ನಗು ಬರುತ್ತೆ, ಅಷ್ಟೇ. ಆ ನಗುವನ್ನು ಫೋಟೋ ನಿನಗಿಂತ ಬೇಗ ಬರಿಸುತ್ತೆ. ಅದರ ಜೊತೆ ಪೈಪೋಟಿ ಯಾಕೆ?

ಹೊಗಳುವುದನ್ನು ಮೊದಲು ಮುಗಿಸಿಬಿಡುತ್ತೇನೆ, ಆಮೇಲೆ ಬೈಯೋದು ಸುಲಭ. ಹೆಲ್ಮೆಟ್ ಹಾಕಿದ ಬೆದರುಬೊಂಬೆಯ ಅಧ್ಯಾಯ ಚೆನ್ನಾಗಿದೆ. ಬೆದರುಬೊಂಬೆಗೆ ಹೆಲ್ಮೆಟ್ ಹಾಕಿದ್ದು ದೊಡ್ಡ ವಿಷಯವೇನಲ್ಲ. ಅದರ ಪಟ್ಟಿಯನ್ನು ಗಲ್ಲದ ಕೆಳಗೆ ಸರಿಯಾಗಿ ಬಿಗಿದಿದ್ದರು ಅಂತ ನೀನು ನೋಡಿದ್ದೀಯಲ್ಲ, ಅದು ವಿಷಯ. ಬೊಂಬೆಗೆ ಹೆಲ್ಮೆಟ್ ಸುಮ್ನೆ ತಲೆ ಮೇಲೆ ಇಟ್ಟರೆ ಸಾಕಿತ್ತು. ಗಾಳಿಗೆ ಹಾರಬಾರದು ಅಂತ ಕಟ್ಟಿದ್ದರೂ ಇರಬಹುದು. ಆದರೆ ಕೊಂಡಿಗೆ ಸಿಕ್ಕಿಸಿ, ಉಳಿದ ತುದಿಯನ್ನು ಒಳಗೆ ಮಡಚಿಟ್ಟಿದ್ದರು ಅಂತ ಬರೆದಿದ್ದೀಯ. ಹಾಗೆ ಮಡಚುವವರು ದಿನಾ ಹೆಲ್ಮೆಟ್ ಹಾಕುವವರು. ಅಥವಾ ದಿನಾ ಇನ್ನೊಬ್ಬರಿಗೆ ಹಾಕಿ ಕಳಿಸುತ್ತಿದ್ದವರು. ಇಷ್ಟನ್ನು ನೋಡುವ ಕಣ್ಣು ಕಲಿಸಿದರೆ ಬರುವುದಿಲ್ಲ. ನಿನಗೆ ಇದೆ. ಸಂತೋಷ.

ಈಗ ಬಾಗಿಲಿನ ಅಧ್ಯಾಯಕ್ಕೆ ಬರೋಣ. ಹೊಲದ ನಡುವೆ ಒಂಟಿಯಾಗಿ ನಿಂತ ಬಾಗಿಲು. ಗೋಡೆ ಇಲ್ಲ, ಮನೆ ಇಲ್ಲ, ಚೌಕಟ್ಟು ಮತ್ತು ಬಾಗಿಲು ಮಾತ್ರ. ಅದನ್ನು ನೋಡಿ ನೀನು ಎರಡು ಪುಟ ತುಂಬಾ ತತ್ವ ಹೇಳಿದ್ದೀಯ. ಎಲ್ಲಿಗೂ ಹೋಗದ ಬಾಗಿಲಂತೆ, ಬದುಕಿನ ಬಾಗಿಲಂತೆ, ಗಾಳಿಯ ಮನೆಯಂತೆ. ಎಲ್ಲವನ್ನೂ ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೇನೆ. ಆ ಎರಡು ಪುಟಗಳ ನಡುವೆ ಎಲ್ಲೋ ಒಂದು ಕಡೆ, ಕೈತಪ್ಪಿ ಬಿದ್ದ ಹಾಗೆ, ಒಂದು ಸಾಲು ಬರೆದಿದ್ದೀಯ: 'ಬೀಗ ಮಾತ್ರ ಹೊಸದು.' ಅಷ್ಟು ಬರೆದು ಮುಂದಿನ ಊರಿಗೆ ಹೊರಟುಬಿಟ್ಟಿದ್ದೀಯ!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೋಡೆಯೇ ಇಲ್ಲದ ಬಾಗಿಲಿಗೆ ಹೊಸ ಬೀಗ ಹಾಕಿದವರು ಯಾರು? ಹಳೇ ಬೀಗ ಏನಾಯ್ತು? ತುಕ್ಕು ಹಿಡಿದು ಬಿದ್ದುಹೋಯಿತಾ, ಯಾರಾದರೂ ಒಡೆದರಾ? ಮಣ್ಣಿನ ಮನೆಗೆ ಛಾವಣಿ ಹೋದರೆ ಕೆಲವೇ ಮಳೆಗಾಲದಲ್ಲಿ ಗೋಡೆ ಕರಗಿ ನೆಲಕ್ಕೆ ಸೇರುತ್ತೆ. ಗಟ್ಟಿ ಮರದ ಚೌಕಟ್ಟು ಆಮೇಲೂ ನಿಂತಿರುತ್ತೆ. ಹಾಗಾಗಿ ಬಾಗಿಲು ಅಲ್ಲಿ ಯಾಕಿದೆ ಅನ್ನೋದು ಅಂಥ ಒಗಟೇನಲ್ಲ. ಹೊಸ್ತಿಲು ನಡುವೆ ಸವೆದಿದ್ದರೆ ಎಷ್ಟೋ ವರ್ಷ ಜನ ಅಲ್ಲಿ ಓಡಾಡಿದ್ದಾರೆ ಅಂತ. ಚಿಲಕ ಯಾವ ಕಡೆಗಿದೆ ಅಂತ ನೋಡಿದರೆ ಒಳಗು ಯಾವುದು, ಹೊರಗು ಯಾವುದು ಗೊತ್ತಾಗುತ್ತೆ. ಸುತ್ತ ಪೈರಿನ ಬಣ್ಣವೋ ಎತ್ತರವೋ ಒಂದು ಚೌಕದಲ್ಲಿ ಬೇರೆ ಇದ್ದರೆ ಅಡಿಪಾಯ ಕೆಳಗೇ ಇದೆ. ಇದನ್ನೆಲ್ಲ ನೋಡಲು ಫೋಟೋ ತೆಗೆದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತಿರಬೇಕಿತ್ತು. ಮಾರನೇ ದಿನ ಮತ್ತೆ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು. ಬೀಗಕ್ಕೆ ಕೀಲಿಕೈ ಇಟ್ಟುಕೊಂಡವರು ಒಬ್ಬರು ಇದ್ದೇ ಇರುತ್ತಾರೆ. ಅವರು ಪಕ್ಕದ ಹೊಲದಲ್ಲೇ ಇದ್ದಿರಬಹುದು.

ನಾನು ಹೇಳಬೇಕಾಗಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ಸುತ್ತಲೇ: ಹೊಸ ರಸ್ತೆ ಹುಡುಕೋದನ್ನು ಕಡಿಮೆ ಮಾಡು. ನೋಡಿದ ರಸ್ತೆಗೇ ಮತ್ತೆ ಹೋಗು. ಅಧ್ಯಾಯ ಎಷ್ಟು ಉದ್ದ ಇರಬೇಕು, ಯಾವ ಕ್ಯಾಮೆರಾ ಒಳ್ಳೆಯದು, ನಕ್ಷೆ ಹಾಕಬೇಕಾ ಅಂತೆಲ್ಲ ಕೇಳಿದ್ದೀಯ. ಅದಕ್ಕೆ ಬೇರೆಯವರು ಸಿಗುತ್ತಾರೆ, ನನ್ನನ್ನು ಬಿಟ್ಟುಬಿಡು.

ಫ್ರಾನ್ಸಿನ ಓಟ್‌ರೀವ್ ಅನ್ನುವ ಹಳ್ಳಿಯಲ್ಲಿ ಫೆರ್ದಿನಾನ್ ಶೆವಾಲ್ ಅಂತ ಒಬ್ಬ ಅಂಚೆಯವನಿದ್ದ. ಅವನ ಸುತ್ತು ದಿನಕ್ಕೆ ಸುಮಾರು 30 ಕಿಲೋಮೀಟರ್, ಎಲ್ಲ ಕಾಲ್ನಡಿಗೆ, ಎಲ್ಲ ಅವೇ ಹಳ್ಳಿ ದಾರಿಗಳು. 1879ರಲ್ಲಿ ಒಂದು ದಿನ ಕಲ್ಲೊಂದಕ್ಕೆ ಎಡವಿದ. ಆಕಾರ ವಿಚಿತ್ರವಾಗಿತ್ತು ಅಂತ ಅದನ್ನು ಎತ್ತಿಟ್ಟುಕೊಂಡ. ಮಾರನೇ ದಿನ ಅಲ್ಲಿಗೇ ಹೋದ. ಇನ್ನೂ ಚಂದದ ಕಲ್ಲುಗಳು ಕಂಡವು. ಮೊದಮೊದಲು ಜೇಬಿನಲ್ಲಿ, ಆಮೇಲೆ ಬುಟ್ಟಿಯಲ್ಲಿ, ಕೊನೆಗೆ ಒಂಟಿ ಚಕ್ರದ ಕೈಗಾಡಿಯಲ್ಲಿ ಕಲ್ಲು ಹೊತ್ತು ತಂದ. ರಾತ್ರಿ ದೀಪ ಹಚ್ಚಿಕೊಂಡು ಕಟ್ಟಿದ. 33 ವರ್ಷ. 1912ರಲ್ಲಿ ಮುಗಿಯುವ ಹೊತ್ತಿಗೆ 26 ಮೀಟರ್ ಉದ್ದದ ಅರಮನೆ ಎದ್ದಿತ್ತು. ಊರಿನವರಿಗೆ ಅವನೊಬ್ಬ ಅರೆಹುಚ್ಚ. 1969ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸಿತು. ಚಂಡೀಗಢದ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಕೂಡ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಒಡೆದ ಬಳೆ, ಟೈಲ್ಸು, ಪಿಂಗಾಣಿ ಚೂರು ಆರಿಸಿ ತಂದು ವರ್ಷಗಟ್ಟಲೆ ಕಾಡಿನೊಳಗೆ ಗುಟ್ಟಾಗಿ ಕಟ್ಟಿದರು. 1976ರಲ್ಲಷ್ಟೇ ಅದು ಜನರಿಗೆ ತೆರೆಯಿತು.

ಇವರಿಬ್ಬರೂ ಊರೂರು ಸುತ್ತುವ ಪ್ರವಾಸಿಗಳಾಗಿರಲಿಲ್ಲ. ಹೊಟ್ಟೆಪಾಡಿಗೆ ಒಂದೇ ಸುತ್ತಿನೊಳಗೆ ತಿರುಗಿದವರು. ನಿನ್ನ ಹಸ್ತಪ್ರತಿಯಲ್ಲಿ ನಲವತ್ತಕ್ಕೂ ಹೆಚ್ಚು ರಸ್ತೆಗಳಿವೆ. ಒಂದು ರಸ್ತೆಯೂ ಎರಡನೇ ಸಲ ಬಂದಿಲ್ಲ. ಹೋಗಲಿ, ವಾಪಸ್ ಬರುವಾಗಲಾದರೂ ಅದೇ ರಸ್ತೆ ಹಿಡಿಯಬಾರದಾ? ಹೋಗುವಾಗ ಮರದ ಹಿಂದಿದ್ದದ್ದು ಬರುವಾಗ ಎದುರಿಗಿರುತ್ತೆ.

ವೇಗದ ಬಗ್ಗೆಯೂ ಒಂದು ಮಾತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ 22 ಮೀಟರ್ ದಾಟಿರುತ್ತೀಯ. 30ರಲ್ಲಿ ಹೋದರೆ 8 ಮೀಟರ್. ಅಮೆರಿಕದಲ್ಲಿ ಬರ್ಮಾ-ಶೇವ್ ಅನ್ನುವ ಶೇವಿಂಗ್ ಕ್ರೀಮ್ ಕಂಪನಿ 1925ರಲ್ಲಿ ರಸ್ತೆ ಬದಿ ಸಣ್ಣ ಬೋರ್ಡುಗಳನ್ನು ಸಾಲಾಗಿ ನೆಡಲು ಶುರು ಮಾಡಿತು. ಒಂದು ತಮಾಷೆ ಪದ್ಯ, ಬೋರ್ಡಿಗೆ ಒಂದು ತುಂಡು. ಕೊನೆಯದರಲ್ಲಿ ಕಂಪನಿ ಹೆಸರು. ಆಗಿನ ಕಾರುಗಳ ವೇಗಕ್ಕೆ ಒಂದು ಬೋರ್ಡು ಓದಿ ಮುಗಿಯುವಷ್ಟರಲ್ಲಿ ಮುಂದಿನದು ಬರುತ್ತಿತ್ತು. ಮಕ್ಕಳು ಕಾರಿನಲ್ಲಿ ಕೂತು ಜೋರಾಗಿ ಓದುತ್ತಿದ್ದರಂತೆ. ರಸ್ತೆಗಳು ಅಗಲವಾದವು, ಕಾರುಗಳ ವೇಗ ಹೆಚ್ಚಿತು, 1963ರಲ್ಲಿ ಕಂಪನಿ ಕೈಬದಲಾಯಿತು, ಬೋರ್ಡುಗಳನ್ನು ಕಿತ್ತುಹಾಕಿದರು. ನಿನ್ನ ಎರಡನೇ ಭಾಗವನ್ನು ಓದುವಾಗ ನೀನು ಗಾಡಿ ಜೋರಾಗಿ ಓಡಿಸುತ್ತಿದ್ದೆ ಅಂತ ವಾಕ್ಯದಲ್ಲೇ ಗೊತ್ತಾಗುತ್ತೆ. ಪ್ರತಿ ಪ್ಯಾರಾದಲ್ಲೂ 'ಅಷ್ಟರಲ್ಲಿ', 'ಇನ್ನೇನು', 'ತಟ್ಟನೆ'. ಏನಾದರೂ ತಟ್ಟನೆ ಕಂಡಿತು ಅಂದರೆ ಅದು ಎಷ್ಟೋ ಹೊತ್ತಿನಿಂದ ಅಲ್ಲೇ ಇತ್ತು, ನೀನು ತಟ್ಟನೆ ಬಂದೆ.

ಹಳ್ಳಿ ದಾರಿಗಳಲ್ಲೇ ಇಂಥವು ಯಾಕೆ ಜಾಸ್ತಿ ಅಂತ ನೀನು ಒಂದು ಕಡೆಯೂ ಕೇಳಿಕೊಂಡಿಲ್ಲ. ನನಗೆ ಅನ್ನಿಸೋದು ಹೀಗೆ. ಹೆದ್ದಾರಿ ಬದಿಯ ಒಂದೊಂದು ಅಡಿಗೂ ಬೆಲೆ ಇದೆ, ನಿಯಮ ಇದೆ, ಜಾಹೀರಾತು ಇದೆ. ಒಳದಾರಿಯಲ್ಲಿ ಜಾಗ ಇದೆ, ಕೇಳುವವರಿಲ್ಲ. ಕೆಟ್ಟ ಯಂತ್ರವನ್ನು ಸಾಗಿಸಲು ಆಗುವ ಖರ್ಚು ಗುಜರಿಯಲ್ಲಿ ಸಿಗುವ ದುಡ್ಡಿಗಿಂತ ಜಾಸ್ತಿ. ಹಾಗಾಗಿ ಅದು ಹಿತ್ತಲಲ್ಲೇ ಉಳಿಯುತ್ತೆ. ಉಳಿದ ಕಬ್ಬಿಣದ ಮೇಲೆ ಒಂದಲ್ಲ ಒಂದು ದಿನ ಯಾರದಾದರೂ ಕಣ್ಣು ಬೀಳುತ್ತೆ. ಅಷ್ಟೇ, ಇದರಲ್ಲಿ ಮಾಯೆ ಏನಿಲ್ಲ.

ಮತ್ತೆ ಎಷ್ಟೋ ಸಲ ನಾವು ಹುಚ್ಚು ಅಂದುಕೊಂಡದ್ದು ಪಕ್ಕಾ ಲೆಕ್ಕಾಚಾರ ಆಗಿರುತ್ತೆ. ಇಂಗ್ಲೆಂಡಿನ ಸಫೊಕ್ ಕಡೆ ಹಳ್ಳಿಗಳಲ್ಲಿ ಹಾವು ಹರಿದ ಹಾಗೆ ಅಂಕುಡೊಂಕಾದ ಇಟ್ಟಿಗೆ ಗೋಡೆಗಳಿವೆ. ನೋಡಿದವರು ಮೇಸ್ತ್ರಿ ಕುಡಿದಿದ್ದನಾ ಅಂತ ನಗುತ್ತಾರೆ. ನೆಟ್ಟಗಿನ ಗೋಡೆಯನ್ನು ಒಂದೇ ಇಟ್ಟಿಗೆ ದಪ್ಪಕ್ಕೆ ಕಟ್ಟಿದರೆ ಬೀಳುತ್ತೆ, ಅಲ್ಲಲ್ಲಿ ಆಸರೆ ಕಂಬ ಬೇಕು. ಬಾಗಿಸಿ ಕಟ್ಟಿದರೆ ಆ ಬಾಗೇ ಆಸರೆ. ಒಂದೇ ಇಟ್ಟಿಗೆ ದಪ್ಪ ಸಾಕು, ಒಟ್ಟು ಇಟ್ಟಿಗೆ ಕಡಿಮೆ. ಇಂಗ್ಲೆಂಡಿನ ಹಳೇ ಹೊಲಮನೆಗಳ ಮುಂದೆ ಅಣಬೆ ಆಕಾರದ ಕಲ್ಲುಗಳು ಅಲಂಕಾರಕ್ಕೆ ಕೂತಿರುತ್ತವೆ. ಒಂದು ಕಾಲಕ್ಕೆ ಅವುಗಳ ಮೇಲೆ ಕಣಜ ನಿಲ್ಲಿಸುತ್ತಿದ್ದರು. ಇಲಿ ಕಾಂಡ ಹತ್ತಬಹುದು, ಮೇಲಿನ ಟೊಪ್ಪಿಯನ್ನು ತಲೆಕೆಳಗಾಗಿ ದಾಟಲು ಅದಕ್ಕೆ ಆಗೋದಿಲ್ಲ. ಅಮೆರಿಕದ ಹಳ್ಳಿಗಳಲ್ಲಿ ಮರದ ಸೇತುವೆಗೆ ಮನೆಗೆ ಹಾಕಿದ ಹಾಗೆ ಛಾವಣಿ, ಗೋಡೆ ಎಲ್ಲ ಹಾಕಿರುತ್ತಾರೆ. ಪ್ರೇಮಿಗಳಿಗೆ ಮರೆ ಅಂತ ಕತೆ ಕಟ್ಟಿದ್ದಾರೆ. ನಿಜವಾದ ಕಾರಣ ಮಳೆ. ಮರದ ತೊಲೆಗಳು ಒದ್ದೆಯಾಗದಿದ್ದರೆ ಸೇತುವೆ ಎಷ್ಟೋ ಪಟ್ಟು ಬಾಳುತ್ತೆ.

ಇನ್ನೊಂದು ಇಂಗ್ಲೆಂಡಿನದೇ. ಹಳ್ಳಿ ದಾರಿ ಬದಿ ಒಂದು ಮೈಲಿಗಲ್ಲು. ಊರಿನ ಹೆಸರು ಇರಬೇಕಾದ ಕಡೆ ಕಲ್ಲು ಕೆತ್ತಿಹೋಗಿದೆ. ಹತ್ತಿರ ಹೋಗಿ ನೋಡಿದರೆ ಉಳಿ ಏಟಿನ ಗುರುತು, ಒಂದರ ಪಕ್ಕ ಒಂದು. ತುಂಟ ಹುಡುಗರ ಕೆಲಸ ಅಂತ ಮುಂದೆ ಹೋಗಬಹುದು. 1940ರಲ್ಲಿ ಜರ್ಮನ್ ಸೈನ್ಯ ಬಂದಿಳಿಯುತ್ತೆ ಅನ್ನುವ ಭಯ ಇತ್ತು. ಬಂದವರಿಗೆ ದಾರಿ ಗೊತ್ತಾಗಬಾರದು ಅಂತ ಕೈಮರಗಳನ್ನು ಕಿತ್ತರು. ಮೈಲಿಗಲ್ಲುಗಳನ್ನು ಹೂತರು, ಕೆಲವು ಕಡೆ ಹೆಸರನ್ನೇ ಕೆತ್ತಿ ಅಳಿಸಿದರು. ಉಳಿ ಹಿಡಿದವನು ತನ್ನ ಊರಿನ ಹೆಸರನ್ನು ತಾನೇ ಕೆತ್ತಿ ತೆಗೆದಿದ್ದಾನೆ. ಆ ಕಲ್ಲಿನ ಫೋಟೋದಲ್ಲಿ ಏನಿರುತ್ತೆ ಹೇಳು? ಒಂದು ಬೋಳು ಕಲ್ಲು. ನಿನ್ನ ಪ್ರಕಾಶಕರಿಗೆ ಇದನ್ನು ಹೇಳು.

ಲೆಕ್ಕಾಚಾರದ ಕಾರಣ ಇಲ್ಲದವೂ ಇವೆ. ಅಲ್ಲಿ ಕಾರಣ ಒಬ್ಬ ಮನುಷ್ಯ. ಅಮೆರಿಕದ ನೆಬ್ರಾಸ್ಕದಲ್ಲಿ ಒಂದು ಹೊಲದೊಳಗೆ ಹಳೇ ಕಾರುಗಳನ್ನು ನೆಟ್ಟಗೆ ಹುಗಿದು, ಮೇಲೆ ಅಡ್ಡ ಕಾರುಗಳನ್ನಿಟ್ಟು, ಬೂದು ಬಣ್ಣ ಬಳಿದು, ಸ್ಟೋನ್‌ಹೆಂಜ್ ಕಲ್ಲುಗಳ ವೃತ್ತದ ಹಾಗೆ ನಿಲ್ಲಿಸಿದ್ದಾರೆ. 1987ರಲ್ಲಿ ಕಟ್ಟಿದ್ದು. ಎಲ್ಲರೂ ಕಾರುಗಳನ್ನು ಎಣಿಸಿ ಹೋಗುತ್ತಾರೆ. ಜಿಮ್ ರೈಂಡರ್ಸ್ ಅದನ್ನು ಕಟ್ಟಿದ್ದು ತೀರಿಹೋದ ಅಪ್ಪನ ನೆನಪಿಗೆ, ಅಪ್ಪ ದುಡಿದ ಹೊಲದಲ್ಲೇ, ಮನೆಮಂದಿಯನ್ನೆಲ್ಲ ಸೇರಿಸಿಕೊಂಡು. ಶುರುವಿನಲ್ಲಿ ಊರಿನ ಕೆಲವರು ಕೆಡವಿ ಅಂದರು.

ಜಪಾನಿನ ಶಿಕೊಕು ದ್ವೀಪದ ಬೆಟ್ಟದ ಹಳ್ಳಿ ನಗೊರೊ ನಿನಗೆ ಗೊತ್ತಿರಬೇಕು, ಬೆದರುಬೊಂಬೆ ಅಧ್ಯಾಯದಲ್ಲಿ ಒಂದು ಸಾಲು ಬಂದಿದೆ. ಒಂದು ಸಾಲು! ಅಪ್ಪನನ್ನು ನೋಡಿಕೊಳ್ಳಲು ಊರಿಗೆ ಮರಳಿದ ಹೆಂಗಸು ಹೊಲದಲ್ಲಿ ಬೀಜ ಬಿತ್ತಿದಳು. ಹಕ್ಕಿಗಳು ಬಿಡಲಿಲ್ಲ. ಒಂದು ಬೊಂಬೆ ಮಾಡಿ ಅದಕ್ಕೆ ಅಪ್ಪನ ಬಟ್ಟೆ ತೊಡಿಸಿ ನಿಲ್ಲಿಸಿದಳು. ದಾರಿಯಲ್ಲಿ ಹೋಗುವವರು ಅದನ್ನೇ ಅಪ್ಪ ಅಂದುಕೊಂಡು ಮಾತಾಡಿಸಿದರು. ಆಮೇಲೆ ಊರಲ್ಲಿ ಸತ್ತವರು, ಊರು ಬಿಟ್ಟು ಹೋದವರು ಒಬ್ಬೊಬ್ಬರದೂ ಬೊಂಬೆ ಬಂತು. ಈಗ ಅಲ್ಲಿ ಮನುಷ್ಯರಿಗಿಂತ ಬೊಂಬೆಗಳು ಎಷ್ಟೋ ಪಟ್ಟು ಜಾಸ್ತಿ. ಬಸ್ ನಿಲ್ದಾಣದಲ್ಲಿ ಕೂತಿವೆ, ಹೊಲದಲ್ಲಿ ಬಗ್ಗಿವೆ. ಶಾಲೆ 2012ರಲ್ಲಿ ಮುಚ್ಚಿತು, ತರಗತಿಯಲ್ಲಿ ಬೊಂಬೆ ಮಕ್ಕಳು, ಬೊಂಬೆ ಮೇಷ್ಟ್ರು ಇದ್ದಾರೆ. ಭೂತದ ಹಳ್ಳಿ ಅಂತ ಬರೆದವರನ್ನು ನಾನು ಓದಿದ್ದೇನೆ. ಅವರು ಒಂದು ಮಧ್ಯಾಹ್ನ ಹೋಗಿ ಬಂದವರು. ನನಗೆ ತಿಳಿಯಬೇಕಿರೋದು ಬೇರೆ. ಮಳೆಗೆ ನೆನೆದ ಬೊಂಬೆಯನ್ನು ಏನು ಮಾಡುತ್ತಾರೆ? ಹಳತಾಯಿತು ಅಂತ ಬದಲಾಯಿಸುವಾಗ ಅದೇ ಮನುಷ್ಯನನ್ನೇ ಮತ್ತೆ ಮಾಡುತ್ತಾರಾ? ಬಟ್ಟೆ ಯಾರು ಕೊಡುತ್ತಾರೆ? ಬಿಟ್ಟುಹೋದವರು ಯಾವಾಗಲಾದರೂ ಊರಿಗೆ ಬಂದಾಗ ತಮ್ಮದೇ ಬೊಂಬೆಯ ಪಕ್ಕ ಎಷ್ಟು ಹೊತ್ತು ಕೂರುತ್ತಾರೆ?

ಈಗ ನನ್ನ ಹಳೇ ಸಿಟ್ಟು ಒಂದನ್ನು ಹೇಳಲೇಬೇಕು, ಇಲ್ಲದಿದ್ದರೆ ಈ ವಿಷಯಕ್ಕೆ ನಾನು ಯಾಕೆ ಇಷ್ಟು ಜೋತುಬಿದ್ದಿದ್ದೇನೆ ಅಂತ ನಿನಗೆ ತಿಳಿಯೋದಿಲ್ಲ. ನಾನು ಬರೆಯಲು ಶುರು ಮಾಡಿದ ಕಾಲ. ಒಂದು ಒಳದಾರಿಯಲ್ಲಿ ಹೊಲಕ್ಕೆ ಕಬ್ಬಿಣದ ಮಂಚವನ್ನು ಗೇಟು ಮಾಡಿದ್ದರು. ಕಾಲುಗಳನ್ನು ಕತ್ತರಿಸಿ, ತಲೆದಿಂಬಿನ ಕಡೆಗೆ ಕೀಲು ಹಾಕಿ, ಅದರ ಬಳ್ಳಿ ಚಿತ್ತಾರಕ್ಕೆ ನೀಲಿ ಬಣ್ಣ ಹೊಡೆದಿದ್ದರು. ನಾನೂ ನಿನ್ನ ಹಾಗೇ ನಕ್ಕೆ. ಮನೆಯ ಹೆಂಗಸು ಹೊರಗೆ ಬಂದಳು. ಅದು ಅವಳ ಅತ್ತೆಯ ಮಂಚ. ವರ್ಷಗಟ್ಟಲೆ ಅದರ ಮೇಲೆ ಮಲಗೇ ಇದ್ದ ಮುದುಕಿ. ಹೋದ ಮೇಲೆ ಅದರ ಮೇಲೆ ಯಾರೂ ಮಲಗಲಿಲ್ಲ, ಮಾರಲೂ ಮನಸ್ಸು ಬರಲಿಲ್ಲ. 'ಮನೆ ಕಾಯಲಿ ಅಂತ ಇಟ್ವಿ' ಅಂದಳು. ಆಮೇಲೆ ನಾನು ಕೇಳದೇ ಇದ್ದರೂ ಹೇಳಿದಳು, ರಾತ್ರಿ ಗೇಟು ಹಾಕುವಾಗ ಬರುವ ಕಿರ್ ಸದ್ದು ಅತ್ತೆ ಮಗ್ಗುಲು ಬದಲಿಸುವಾಗ ಬರುತ್ತಿದ್ದ ಸದ್ದೇ, ಎಣ್ಣೆ ಬಿಡಲು ಗಂಡ ಒಪ್ಪುತ್ತಿಲ್ಲ ಅಂತ.

ಇದನ್ನೆಲ್ಲ ಬರೆದು ಒಂದು ವಾರಪತ್ರಿಕೆಗೆ ಕೊಟ್ಟೆ. ಸಂಪಾದಕರು ಅತ್ತೆಯನ್ನೂ ಸದ್ದನ್ನೂ ಗಂಡನನ್ನೂ ಕತ್ತರಿಸಿ, ಮಂಚದ ಫೋಟೋ ಮತ್ತು ನನ್ನ ಮೊದಲ ಎರಡು ಸಾಲು ಮಾತ್ರ ಉಳಿಸಿ, ನಗೆಹನಿ ಪುಟದಲ್ಲಿ ಹಾಕಿದರು. ಮೇಲೆ ಒಂದು ಕೀಟಲೆ ಶೀರ್ಷಿಕೆ, ಕೆಳಗೆ ನನ್ನ ಹೆಸರು. ಜಗಳಕ್ಕೆ ಹೋದರೆ, 'ಅಳು ಬರೋದನ್ನ ಬೇರೆ ಪುಟಕ್ಕೆ ಬರ್ಕೊಡಿ' ಅಂದರು. ಅವರಿಗೆ ನಗೆ ಒಂದು ಪುಟ, ಅಳು ಒಂದು ಪುಟ. ಆ ಹೆಂಗಸು ಪತ್ರಿಕೆ ನೋಡಿದಳೋ ಇಲ್ಲವೋ ತಿಳಿಯದು. ಎಷ್ಟೋ ವರ್ಷದ ಮೇಲೆ ಒಂದು ಸಮಾರಂಭದಲ್ಲಿ ಅದೇ ಸಂಪಾದಕರ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಮಾತಾಡಲಿಲ್ಲ. ಈಗಲೂ ಮಾತಾಡುವುದಿಲ್ಲ.

ನಿನಗೆ ಯಾವ ಸಂಪಾದಕರ ಕಾಟವೂ ಇಲ್ಲ. ಆದರೂ ಅವರು ನನಗೆ ಮಾಡಿದ್ದನ್ನೇ ನೀನು ನಿನ್ನ ಅಧ್ಯಾಯಗಳಿಗೆ ಮಾಡಿಕೊಂಡಿದ್ದೀಯ. ಅದಕ್ಕೇ ಇಷ್ಟು ಬೈದೆ.

ಇನ್ನು ಆ ಮುದುಕರ ವಿಷಯ. ನಿನ್ನ ಹಸ್ತಪ್ರತಿಯಲ್ಲಿ ಬೇಕಾದ ಹೊತ್ತಿಗೆ ಸರಿಯಾಗಿ ಒಬ್ಬ ಮುದುಕ ದಾರಿಯಲ್ಲಿ ಬರುತ್ತಾನೆ. ಕೋಲೂರಿಕೊಂಡು ನಿಲ್ಲುತ್ತಾನೆ. ಒಂದು ಗಹನವಾದ ಮಾತು ಹೇಳಿ ಹೋಗುತ್ತಾನೆ. ಅಧ್ಯಾಯ ಮುಗಿಯುತ್ತೆ. ಅವನು ನಿಜವಾಗಿಯೂ ಅಲ್ಲಿದ್ದನಾ? ನಿಜ ಹೇಳು. ಹಳ್ಳಿಯ ಮುದುಕರು ದಾರಿಹೋಕರ ಹತ್ತಿರ ಮೊದಲು ಕೇಳೋದು ಯಾವೂರು, ಯಾರ ಮಗಳು, ಇಲ್ಲಿ ಏನು ಕೆಲಸ ಅಂತ. ಸಿಕ್ಕಿದರೆ ಸ್ವಲ್ಪ ಮೊಣಕಾಲು ನೋವಿನ ಮಾತು. ನಿನ್ನ ಮುದುಕರಿಗೆ ಮೊಣಕಾಲು ನೋವೇ ಇಲ್ಲ. ಅವರನ್ನು ತೆಗೆದುಬಿಡು. ಅಲ್ಲಿ ಯಾರೂ ಸಿಗಲಿಲ್ಲ ಅಂದರೆ ಸಿಗಲಿಲ್ಲ ಅಂತಲೇ ಬರೆ. ಓದುವವರಿಗೆ ನಿನ್ನ ಮೇಲೆ ನಂಬಿಕೆ ಬರುತ್ತೆ, ಮುಂದೆ ನಿಜವಾಗಿ ಯಾರಾದರೂ ಸಿಕ್ಕಾಗ ಕೆಲಸಕ್ಕೆ ಬರುತ್ತೆ.

ಬೇಸರ ಮಾಡಿಕೊಂಡೆಯಾ? ಮಾಡಿಕೊಳ್ಳಬೇಡ. ನಿನ್ನ ಬರಹ ಕೆಟ್ಟದ್ದಾಗಿದ್ದರೆ ಎರಡು ಸಾಲಿನ ಒಳ್ಳೆಯ ಪತ್ರ ಬರೆದು ಸುಮ್ಮನಾಗುತ್ತಿದ್ದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡಿನ ಅನ್‌ಸ್ಟ್ ದ್ವೀಪದಲ್ಲಿ 1996ರಲ್ಲಿ ಒಬ್ಬ ಪುಟ್ಟ ಹುಡುಗ, ನನಗೆ ಬಸ್ ತಂಗುದಾಣ ಬೇಕು ಅಂತ ಪತ್ರಿಕೆಗೆ ಪತ್ರ ಬರೆದ. ತಂಗುದಾಣ ಸಿಕ್ಕಿತು. ಅಷ್ಟಕ್ಕೇ ನಿಲ್ಲಲಿಲ್ಲ, ಯಾರೋ ಒಳಗೆ ಬೆತ್ತದ ಸೋಫಾ ತಂದಿಟ್ಟರು. ಆಮೇಲೆ ಮೇಜು, ಪರದೆ, ಟಿವಿ. ಈಗ ಊರಿನವರು ಆಗಾಗ ಅದರ ಅಲಂಕಾರ ಬದಲಾಯಿಸುತ್ತಾರೆ. ಬಸ್ಸಿಗೆ ಕಾಯುವವರಿಗಿಂತ ಅದನ್ನು ನೋಡಲು ಬರುವವರೇ ಜಾಸ್ತಿ ಇರಬೇಕು. ನನಗೆ ಈ ಕತೆಯಲ್ಲಿ ಇಷ್ಟವಾದದ್ದು ಸೋಫಾ ತಂದಿಟ್ಟವರು ಹೆಸರು ಹೇಳದೇ ಹೋದದ್ದು. ಅಂಥವರನ್ನು ಹುಡುಕಿ ಬರೆಯೋದು ಬಿಟ್ಟು, ಟಿವಿ ಇದೆ ನೋಡಿ ಅಂತ ಕೈ ತೋರಿಸಿ ಬಂದರೆ ಹೇಗೆ?

ಮುನ್ನುಡಿ ಬೇಕು ಅಂದಿದ್ದೀಯ. ಈಗ ಬರೆಯೋದಿಲ್ಲ. ನಲವತ್ತು ಅಧ್ಯಾಯದಲ್ಲಿ ಆರೋ ಏಳೋ ಉಳಿಸಿಕೋ, ಯಾವುದು ಅಂತ ನೀನೇ ಆರಿಸು. ಆ ರಸ್ತೆಗಳಿಗೆ ಇನ್ನೊಂದು ಸಲ ಹೋಗಿ ಬಾ. ಕ್ಯಾಮೆರಾ ಮನೆಯಲ್ಲೇ ಇರಲಿ. ಬಂದ ಮೇಲೆ ಹೆಲ್ಮೆಟ್‌ನ ಅಧ್ಯಾಯ ಮೊದಲು ಕಳಿಸು, ಅದು ಯಾರ ಹೆಲ್ಮೆಟ್ ಅಂತ ಈ ಸಲ ಕೇಳಿಕೊಂಡು ಬಂದಿರಬೇಕು. ಗುರುತು ಹಾಕಿದ ಪ್ರತಿಯನ್ನು ನಾಳೆ ಅಂಚೆಗೆ ಹಾಕುತ್ತೇನೆ. ಮೂರನೇ ಭಾಗದಲ್ಲಿ ನನ್ನ ಪೆನ್ಸಿಲ್ ಮುರಿದು ಪೆನ್ನು ಹಿಡಿದಿದ್ದೇನೆ, ಅದನ್ನು ಹೆಚ್ಚು ಸಿಟ್ಟು ಅಂತ ತಿಳಿಯಬೇಡ.

ನಿನ್ನ,
ಅಕ್ಕ